ಮನೆಯ ಪ್ರಾರ್ಥನೆ, ಭಾನುವಾರದ ಪಾಠ

ಕ್ರೈಸ್ತ ದಂಪತಿಗೆ ಹುಟ್ಟಿದ ಮಗು ಯಾವಾಗ ಕ್ರೈಸ್ತನಾಗುತ್ತದೆ ಎಂಬ ಪ್ರಶ್ನೆಗೆ ಎಲ್ಲ ಸಭೆಗಳೂ ಒಂದೇ ಉತ್ತರ ಕೊಡುವುದಿಲ್ಲ. ಕೆಥೋಲಿಕ, ಸಿಎಸ್‌ಐ (ದಕ್ಷಿಣ ಭಾರತ ಸಭೆ), ಲೂಥರನ್ ಮತ್ತು ಸಿರಿಯನ್ ಸಭೆಗಳಲ್ಲಿ ಹಸುಗೂಸಿಗೇ ದೀಕ್ಷಾಸ್ನಾನವಾಗುತ್ತದೆ. ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಅದನ್ನು ಮಾಡಿಸಬೇಕೆಂದು ಕೆಥೋಲಿಕರ 1983ರ ಧರ್ಮಸಂಹಿತೆ ಹೇಳುತ್ತದೆ. ಬ್ಯಾಪ್ಟಿಸ್ಟ್, ಪೆಂಟೆಕೋಸ್ಟ್ ಸಭೆಗಳು ಇದನ್ನು ಒಪ್ಪುವುದಿಲ್ಲ. ತಾನಾಗಿ ನಂಬಿ ಬಾಯಿಂದ ಹೇಳುವಷ್ಟು ಬೆಳೆದವರಿಗೆ ಮಾತ್ರ ದೀಕ್ಷಾಸ್ನಾನ ಎಂಬುದು ಅವುಗಳ ನಿಲುವು. ಕೂಸನ್ನು ಸಭೆಯ ಮುಂದೆ ತಂದು ದೇವರಿಗೆ ಒಪ್ಪಿಸಿ ಪ್ರಾರ್ಥಿಸುವುದಷ್ಟೇ ಅಲ್ಲಿನ ರೂಢಿ. 1525ರಲ್ಲಿ ಜ್ಯೂರಿಕ್‌ನಲ್ಲಿ ಎದ್ದ ಈ ತಕರಾರು ಐದು ಶತಮಾನವಾದರೂ ಬಗೆಹರಿದಿಲ್ಲ.

ಹಸುಗೂಸಿನ ದೀಕ್ಷಾಸ್ನಾನದಲ್ಲಿ ಮಾತು ಬಾರದ ಕೂಸಿನ ಪರವಾಗಿ ಹಿರಿಯರು ಮಾತು ಕೊಡುತ್ತಾರೆ. ಅದಕ್ಕಾಗಿಯೇ ಜ್ಞಾನ ತಂದೆ, ಜ್ಞಾನ ತಾಯಿ ಎಂಬ ಏರ್ಪಾಡು. ಸಾಮಾನ್ಯವಾಗಿ ಅವರಿಗೆ ಹದಿನಾರು ತುಂಬಿರಬೇಕು, ಹೆತ್ತವರೇ ಆ ಸ್ಥಾನದಲ್ಲಿ ನಿಲ್ಲುವಂತಿಲ್ಲ ಎಂಬುದು ಕೆಥೋಲಿಕ ನಿಯಮ. ಎಷ್ಟೋ ಮನೆಗಳಲ್ಲಿ ಈ ನಂಟು ಹುಟ್ಟುಹಬ್ಬದ ಉಡುಗೊರೆಗೆ ಇಳಿದಿರುವುದು ನಿಜ.

ಮಕ್ಕಳಿಗೆ ವಿಶ್ವಾಸ ಕಲಿಸುವ ಮೊದಲ ಹೊಣೆ ಹೆತ್ತವರದೇ, ಗುರುಗಳದಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಮಾರ್ಟಿನ್ ಲೂಥರ್ 1529ರಲ್ಲೇ ತನ್ನ ಚಿಕ್ಕ ಪ್ರಶ್ನೋತ್ತರ ಪುಸ್ತಕವನ್ನು ಮನೆಯ ಯಜಮಾನ ಮನೆಮಂದಿಗೆ ಕಲಿಸಲೆಂದು ಬರೆದಿದ್ದ. ಮಂಗಳೂರು ಸೀಮೆಯ ಕೊಂಕಣಿ ಕೆಥೋಲಿಕರಲ್ಲಿ ಈ ಕಲಿಕೆಗೆ ಒಂದು ಹೊತ್ತಿದೆ. ಸಂಜೆ ಮನೆಮಂದಿಯೆಲ್ಲ ದೇವರ ಪೀಠದ ಮುಂದೆ ಮೊಣಕಾಲೂರಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ ಹೇಳುತ್ತಾರೆ. ಮುಗಿದ ಮೇಲೆ ಕಿರಿಯರು ಹಿರಿಯರಿಂದ ಬೆಸಾಂವ್, ಆಶೀರ್ವಾದ, ಪಡೆಯುತ್ತಾರೆ. ಅರ್ಥವಾಗುವ ಮೊದಲೇ ಪ್ರಾರ್ಥನೆ ಮಗುವಿಗೆ ಬಾಯಿಪಾಠವಾಗಿರುತ್ತದೆ. ಅರ್ಥ ಆಮೇಲೆ ಬರಲಿ ಎಂಬುದೇ ಈ ಪದ್ಧತಿಯ ನಂಬಿಕೆ.

ಉಳಿದದ್ದನ್ನು ಹಬ್ಬಗಳು ಕಲಿಸುತ್ತವೆ. ಸೆಪ್ಟೆಂಬರ್ 8 ಮೊಂತಿ ಹಬ್ಬ, ಮರಿಯಮ್ಮನವರ ಹುಟ್ಟುಹಬ್ಬ. ಅದಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಚರ್ಚಿಗೆ ಒಯ್ದು ಬಾಲೆ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಗೆ ಬರುತ್ತದೆ. ಅದರ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಹಂಚಿಕೊಳ್ಳುತ್ತಾರೆ. ಅಂದು ಸಸ್ಯಾಹಾರದ ಊಟ. ಮಗುವಿನ ನೆನಪಿನಲ್ಲಿ ಪುಸ್ತಕದ ಪ್ರಶ್ನೋತ್ತರಕ್ಕಿಂತ ಈ ಹೂವಿನ ಬುಟ್ಟಿಯೇ ಹೆಚ್ಚು ಕಾಲ ಉಳಿಯುವುದು ಸಹಜ.

ಹಾಗೆಂದು ಪಾಠ ಇಲ್ಲದಿಲ್ಲ. ಕೆಥೋಲಿಕರಲ್ಲಿ ಧರ್ಮೋಪದೇಶದ ತರಗತಿ, ಪ್ರೊಟೆಸ್ಟೆಂಟರಲ್ಲಿ ಸಂಡೇ ಸ್ಕೂಲ್. ಸಂಡೇ ಸ್ಕೂಲನ್ನು ಜನಪ್ರಿಯಗೊಳಿಸಿದವನು ಇಂಗ್ಲೆಂಡಿನ ಗ್ಲಾಸ್ಟರ್‌ನ ಪತ್ರಿಕಾ ಪ್ರಕಾಶಕ ರಾಬರ್ಟ್ ರೈಕ್ಸ್, 1780ರಲ್ಲಿ. ವಾರವಿಡೀ ದುಡಿಯುತ್ತಿದ್ದ ಬಡ ಮಕ್ಕಳಿಗೆ ಬಿಡುವಿದ್ದದ್ದು ಭಾನುವಾರ ಮಾತ್ರ. ಅಂದು ಬೈಬಲನ್ನೇ ಪಠ್ಯವಾಗಿಸಿ ಓದು ಕಲಿಸಲಾಗುತ್ತಿತ್ತು. ಅಕ್ಷರ ಕಲಿಸುವ ಕೆಲಸವನ್ನು ಮುಂದೆ ಶಾಲೆಗಳು ವಹಿಸಿಕೊಂಡವು, ಸಂಡೇ ಸ್ಕೂಲಿಗೆ ಬೈಬಲ್ ಕಥೆ, ಹಾಡು, ಕಂಠಪಾಠದ ವಾಕ್ಯಗಳು ಉಳಿದವು. ಪರೀಕ್ಷೆ, ಅಂಕ, ಬಹುಮಾನಗಳ ಗದ್ದಲದಲ್ಲಿ ಇದೂ ಇನ್ನೊಂದು ಶಾಲಾ ವಿಷಯವಾಗಿಬಿಡುವ ಅಪಾಯ ಮಾತ್ರ ಇದ್ದೇ ಇದೆ.

ಕೆಥೋಲಿಕ ಮಗುವಿನ ಮುಂದಿನ ಮೆಟ್ಟಿಲು ಪಾಪನಿವೇದನೆ ಮತ್ತು ಮೊದಲ ಪರಮಪ್ರಸಾದ. ಹಿಂದೆ ಹಲವೆಡೆ ಇದಕ್ಕೆ ಹತ್ತು ಹನ್ನೆರಡು ವರ್ಷ ಕಾಯಬೇಕಿತ್ತು. ಒಳ್ಳೆಯದು ಕೆಟ್ಟದ್ದು ತಿಳಿಯುವ ವಯಸ್ಸು, ಅಂದರೆ ಸುಮಾರು ಏಳು, ಸಾಕೆಂದು ಹತ್ತನೇ ಪಯಸ್ ಪೋಪರು 1910ರಲ್ಲಿ ವಿಧಿಸಿದರು. ಹದಿಹರೆಯದ ಹೊತ್ತಿಗೆ ಬರುವುದು ದೃಢೀಕರಣ. ದೀಕ್ಷಾಸ್ನಾನದಲ್ಲಿ ತನ್ನ ಪರವಾಗಿ ಹಿರಿಯರು ಕೊಟ್ಟಿದ್ದ ಮಾತನ್ನು ಮಗು ಈಗ ತಾನೇ ಹೇಳುತ್ತದೆ. ಸಿಎಸ್‌ಐ ಸಭೆಯಲ್ಲೂ ಇದಕ್ಕೆ ಮುನ್ನ ಸಭಾಪಾಲಕರ ತರಗತಿಗಳಿರುತ್ತವೆ. ಚರ್ಚಿನ ಪಾಠದಿಂದ ಹಲವರು ದೂರ ಸರಿಯುವುದೂ ಈ ಮೆಟ್ಟಿಲಿನ ನಂತರವೇ.

ಕ್ರೈಸ್ತ ಆಡಳಿತದ ಶಾಲೆಗಳಿಗೆ ಧರ್ಮ ಕಲಿಸುವ ವಿಷಯದಲ್ಲಿ ಕಾನೂನಿನ ಮಿತಿಯಿದೆ. ಸಂವಿಧಾನದ 28ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ ಯಾವ ವಿದ್ಯಾರ್ಥಿಯನ್ನೂ ಧರ್ಮಬೋಧನೆಯ ತರಗತಿಯಲ್ಲಿ ಕಡ್ಡಾಯವಾಗಿ ಕೂರಿಸುವಂತಿಲ್ಲ. ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಹಾಗಾಗಿ ಇಂಥ ಹಲವು ಶಾಲೆಗಳಲ್ಲಿ ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಹೋದ ಹೊತ್ತಿನಲ್ಲಿ ಉಳಿದವರಿಗೆ ನೀತಿಪಾಠ ನಡೆಯುತ್ತದೆ.