ಬಂಡೆಮನೆಯವರು ಎಲ್ಲಿ ಹೋದರು?

ಪ್ರಶ್ನೆ: ಅಮೆರಿಕದ ಮೇಸಾ ವರ್ಡೆಯ ಬಂಡೆಮನೆಗಳ ಜನ ಏಕಾಏಕಿ ಮಾಯವಾದರಂತೆ, ನಿಜವೇ?

ಉತ್ತರ: ಮಾಯವಾಗಲಿಲ್ಲ, ಗುಳೆ ಹೋದರು. ಅಲ್ಲಿನ ಪ್ಯೂಬ್ಲೊ ಜನ ಶತಮಾನಗಳಿಂದ ಗುಡ್ಡದ ನೆತ್ತಿಯಲ್ಲಿ ಮುಸುಕಿನ ಜೋಳ ಬೆಳೆದುಕೊಂಡಿದ್ದವರು. ಬಂಡೆಯ ಪೊಟರೆಗಳಿಗೆ ಹೆಚ್ಚಾಗಿ ಇಳಿದದ್ದು 1200ರ ಈಚೆಗೆ. ಸುಮಾರು 150 ಕೋಣೆಗಳ ‘ಕ್ಲಿಫ್ ಪ್ಯಾಲೇಸ್’ ಕಟ್ಟಿಯೂ ಅಲ್ಲಿ ಹೆಚ್ಚು ಕಾಲ ಬಾಳಲಿಲ್ಲ. ಇದರ ಒಂದು ಕಾರಣ ಆ ಸೀಮೆಯ ಮರಗಳ ಬೆಳವಣಿಗೆಯ ಬಳೆಗಳಲ್ಲಿ ಕಾಣುತ್ತದೆ: ಮಳೆ ಬಂದ ವರ್ಷದ ಬಳೆ ದಪ್ಪ, ಬರಗಾಲದ್ದು ಕೂದಲೆಳೆ. 1276ರಿಂದ 1299ರವರೆಗಿನವು ಬಡಕಲು ಬಳೆಗಳೇ. ಹಾಗೆಂದು ಬರವೊಂದನ್ನೇ ದೂರಲಾರೆ; ಹಿಂದಿನ ಬರಗಳನ್ನು ತಾಳಿಕೊಂಡಿದ್ದ ಜನ ಅವರು. ಈ ಸಲ ಆ ಸೀಮೆಯಲ್ಲಿ ಹೊಡೆದಾಟ, ಕೊಲೆಗಳೂ ಸೇರಿಕೊಂಡಿದ್ದವು. 1300ರ ಹೊತ್ತಿಗೆ ಊರು ಖಾಲಿ. ಅತ್ತ ದಕ್ಷಿಣದ ರಿಯೊ ಗ್ರಾಂಡೆ ಕಣಿವೆಯಲ್ಲಿ ಜನ ತುಂಬಿಕೊಂಡರು. ಇಂದಿನ ಹೋಪಿ, ಜುನಿ ಮುಂತಾದ ಪ್ಯೂಬ್ಲೊ ಜನ ಆ ಹಿರಿಯರ ಸಂತತಿಯೇ.