ಕಾಲುವೆಯ ಮೇಲೊಂದು ಮನೆ

ತುಂಗಭದ್ರಾ ಎಡದಂಡೆ ಕಾಲುವೆಯ ಏರಿಯ ಮೇಲೆ ಮೂವತ್ತು ವರ್ಷ ಓಡಾಡಿ ನಿವೃತ್ತನಾದವನು ನಾನು. ನೀರಾವರಿ ಇಲಾಖೆಯ ನೌಕರಿ, ಗಂಗಾವತಿಯಲ್ಲಿ ಸ್ವಂತದ ಮನೆ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮಗ – ಇಷ್ಟು ನನ್ನ ಸಂಸಾರದ ವಿವರ. 2023ರ ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಅವನಲ್ಲಿಗೆ ಹೋಗಿದ್ದೆವು. ಒಂದು ಸಂಜೆ ಅವನು ನಮ್ಮನ್ನು ಊರ ನಡುವಿನ ಕಾಲುವೆಯ ದಂಡೆಗೆ ಕರೆದೊಯ್ದು, ಸಾಲಾಗಿ ಕಟ್ಟಿ ನಿಲ್ಲಿಸಿದ್ದ ಬಣ್ಣದ ದೋಣಿಗಳನ್ನು ತೋರಿಸಿ, “ಅಪ್ಪಾ, ಗಂಗಾವತಿ ಮನಿ ಮಾರಿಬಿಡ್ರಿ. ಇಂಥಾದೊಂದು ತಗೊಂಡು ನೀವಿಬ್ರೂ ಇಲ್ಲೇ ಇರ್ರಿ. ಹೆಂಗೂ ನಿಮಗ ಕಾಲುವಿ ಬಿಟ್ಟು ಬ್ಯಾರೆ ಏನೂ ಗೊತ್ತಿಲ್ಲ” ಎಂದ. ನಗುತ್ತಲೇ ಆಡಿದ ಮಾತು. ಆದರೂ ಅದು ನನ್ನೊಳಗೆ ಇಳಿದು ಕುಳಿತಿತು. ಮಕ್ಕಳನ್ನು ಪರದೇಶಕ್ಕೆ ಕಳುಹಿಸಿ ಖಾಲಿ ಮನೆಯಲ್ಲಿ ಕುಳಿತಿರುವ ತಂದೆತಾಯಿಗಳು ಇಂದು ನಮ್ಮ ಕೊಪ್ಪಳ, ಕುಷ್ಟಗಿಗಳಂತಹ ಊರುಗಳಲ್ಲಿಯೂ ಇದ್ದಾರೆ. ಅವರಲ್ಲಿ ಯಾರಿಗಾದರೂ ಇಂತಹ ಮಾತು ಬಂದಿದ್ದರೆ, ನಾನು ವಿಚಾರಿಸಿ ತಿಳಿದದ್ದು ಅವರಿಗೆ ಉಪಯೋಗವಾದೀತು.

ಅಲ್ಲಿನವರು ಈ ದೋಣಿಯನ್ನು ನ್ಯಾರೋಬೋಟ್ ಎನ್ನುತ್ತಾರೆ. ಓಣಿಯಂತೆ ಉದ್ದಕ್ಕೆ ಹೋಗುವುದರಿಂದ ನಾವು ಓಣಿದೋಣಿ ಎಂದರೂ ಸಲ್ಲುತ್ತದೆ. ಅಗಲ 6 ಅಡಿ 10 ಅಂಗುಲ. ಉದ್ದ 72 ಅಡಿಯವರೆಗೂ ಉಂಟು. ಈ ವಿಚಿತ್ರವಾದ ಅಳತೆಗೆ ಕಾರಣ ಸೌಂದರ್ಯವಲ್ಲ, ಮಿತವ್ಯಯ. 1761ರಲ್ಲಿ ವರ್ಸ್ಲಿಯ ಗಣಿಗಳಿಂದ ಮ್ಯಾಂಚೆಸ್ಟರಿಗೆ ಕಲ್ಲಿದ್ದಲು ಸಾಗಿಸಲು ಬ್ರಿಜ್‌ವಾಟರ್ ಕಾಲುವೆ ತೆರೆದ ಮೇಲೆ ಆ ದೇಶಕ್ಕೆ ಕಾಲುವೆಯ ಹುಚ್ಚು ಹಿಡಿಯಿತು. ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರನು ಟ್ರೆಂಟ್ ಮತ್ತು ಮರ್ಸಿ ಕಾಲುವೆಯನ್ನು ಯೋಜಿಸುವಾಗ ನೀರೂ ಹಣವೂ ಉಳಿಯಲೆಂದು ಅದರ ಲಾಕುಗಳನ್ನು ಏಳಡಿ ಅಗಲಕ್ಕೆ ಇಳಿಸಿದನು. ಅವನ ಆ ಏಳಡಿಯೇ ಇಂದಿಗೂ ದೋಣಿಯ ಅಳತೆಯನ್ನು ನಿರ್ಧರಿಸುತ್ತಿದೆ.

ಆಗ ದೋಣಿಯ ಬಹುಭಾಗದಲ್ಲಿ ಕಲ್ಲಿದ್ದಲು ತುಂಬುತ್ತಿತ್ತು. ಹಿಂಬದಿಯ ಹತ್ತಡಿಯ ಕೋಣೆಯಲ್ಲಿ ಗಂಡ, ಹೆಂಡತಿ, ಮಕ್ಕಳು, ಒಲೆ, ಹಾಸಿಗೆ ಎಲ್ಲವೂ. ರೈಲು ಬಂದು ಸರಕು ಕಸಿದುಕೊಂಡಿತು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದಾಗ ಉಳಿದಿದ್ದ ಸಾಗಣೆಯೂ ಬಹುಮಟ್ಟಿಗೆ ನಿಂತಿತು. ಕಾಲುವೆಗಳೇ ಮುಚ್ಚಿಹೋಗಬೇಕಾಗಿತ್ತು. ಹಾಗಾಗದಂತೆ ತಡೆದವರಲ್ಲಿ ಎಲ್.ಟಿ.ಸಿ. ರೋಲ್ಟ್ ಮುಖ್ಯನು. ಹೆಂಡತಿಯೊಡನೆ ದೋಣಿಯಲ್ಲಿ ವಾಸಿಸಿ, ಆ ಅನುಭವವನ್ನು 1944ರಲ್ಲಿ ಪುಸ್ತಕವಾಗಿ ಬರೆದನು. ಎರಡು ವರ್ಷದ ನಂತರ ಕಾಲುವೆಗಳ ರಕ್ಷಣೆಗಾಗಿ ಒಂದು ಸಂಘವೇ ಹುಟ್ಟಿತು. ಕಲ್ಲಿದ್ದಲಿದ್ದ ಜಾಗದಲ್ಲಿ ಈಗ ಅಡಿಗೆಮನೆ, ಮಂಚ, ಸ್ನಾನದ ಕೋಣೆ ಬಂದಿವೆ.

ನಮ್ಮ ಕಾಲುವೆಯಲ್ಲಿ ಯಾಕೆ ಹೀಗೆ ವಾಸಿಸಲಾಗದು ಎಂದು ಸೊಸೆ ಕೇಳಿದಳು. ನನಗೆ ತಿಳಿದ ವಿಷಯ ಸಿಕ್ಕಿದ್ದರಿಂದ ಅರ್ಧ ಗಂಟೆ ಮಾತಾಡಿದೆ. ನಿಮಗೆ ಅಷ್ಟು ಹೇಳುವುದಿಲ್ಲ. ಮುನಿರಾಬಾದಿನಿಂದ ಹೊರಟು 227 ಕಿಲೋಮೀಟರ್ ಹರಿಯುವ ನಮ್ಮ ಕಾಲುವೆ ಹೊಲಕ್ಕೆ ನೀರು ಮುಟ್ಟಿಸಲು ತೋಡಿದ್ದು. ನೀರು ಅದರಲ್ಲಿ ಓಡುತ್ತಿರಲೇಬೇಕು. ಮಟ್ಟ ಇಳಿಯುವಲ್ಲಿ ಅದು ಧುಮುಕುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ಇಂಗ್ಲೆಂಡಿನ ಕಾಲುವೆ ನೀರನ್ನು ಒಯ್ಯುವುದಲ್ಲ, ನೀರಿನ ಮೇಲೆ ಸರಕನ್ನು ಒಯ್ಯುವುದು. ಅಲ್ಲಿ ನೀರು ಕೆರೆಯಂತೆ ನಿಂತಿರುತ್ತದೆ. ಇವೆರಡನ್ನೂ ಒಂದುಗೂಡಿಸುವ ಪ್ರಯತ್ನ ನಮ್ಮ ತುಂಗಭದ್ರೆಯ ಮೇಲೆಯೇ ನಡೆದಿತ್ತೆಂಬುದು ಬಹಳ ಜನರಿಗೆ ತಿಳಿಯದು. 1860ರ ಸುಮಾರಿಗೆ ಈ ನದಿಗೆ ಅಣೆಕಟ್ಟಿನ ಕನಸು ಕಂಡ ಸರ್ ಆರ್ಥರ್ ಕಾಟನ್ ಕಾಲುವೆಯಲ್ಲಿ ದೋಣಿ ಓಡಬೇಕೆಂದು ಹಟ ಹಿಡಿದವನು. ಅದೇ ದಶಕದಲ್ಲಿ ಒಂದು ಇಂಗ್ಲಿಷ್ ಕಂಪನಿ ಸುಂಕೇಸುಲದಿಂದ ಕರ್ನೂಲು–ಕಡಪಾ ಕಾಲುವೆಯನ್ನು ನೀರಾವರಿಗೂ ದೋಣಿಗೂ ಆಗುವಂತೆ ಲಾಕುಗಳೊಡನೆ ತೋಡಿಸಿತು. ಕಂಪನಿ ನಷ್ಟದಲ್ಲಿ ಮುಳುಗಿ 1882ರಲ್ಲಿ ಸರ್ಕಾರ ಅದನ್ನು ಕೊಂಡುಕೊಂಡಿತು. ಕೊನೆಗೆ ಉಳಿದದ್ದು ನೀರಾವರಿಯೇ. ನಮ್ಮ ಪಾಲಿಗೆ ದೋಣಿಯೆಂದರೆ ಆನೆಗೊಂದಿಯ ಹರಗೋಲು. ಐದುನೂರು ವರ್ಷದ ಹಿಂದೆ ಪೋರ್ಚುಗೀಸ್ ಪ್ರವಾಸಿ ಪೇಸ್ ಅದು ಗಿರಗಿರನೆ ಸುತ್ತುವುದನ್ನು ಕಂಡು ಬರೆದಿಟ್ಟಿದ್ದಾನೆ. ಅದರಲ್ಲಿ ಹೊಳೆ ದಾಟಬಹುದು, ಒಲೆ ಹೂಡಲಾಗದು.

ಮಗ ಒಂದು ವಾರದ ಮಟ್ಟಿಗೆ ದೋಣಿಯೊಂದನ್ನು ಬಾಡಿಗೆಗೆ ಹಿಡಿದ. ಬರ್ಮಿಂಗ್‌ಹ್ಯಾಮಿನಿಂದ ವೂಸ್ಟರಿನ ಕಡೆಗೆ ಹೊರಟೆವು. ಮೊದಲ ಹದಿನಾಲ್ಕು ಮೈಲಿ ಒಂದೇ ಮಟ್ಟದ ನೀರು, ಒಂದೂ ಲಾಕಿಲ್ಲ. ದೋಣಿ ಮನುಷ್ಯನ ನಡಿಗೆಯ ವೇಗದಲ್ಲಿ ಸಾಗುತ್ತಿತ್ತು. ದಂಡೆಯ ಮೇಲೆ ಹಸುಗಳು ಮೇಯುತ್ತಿದ್ದವು. ಒಂದೂವರೆ ಮೈಲಿಯ ಸುರಂಗವೊಂದರೊಳಗೆ ಹೊಕ್ಕಾಗ ನಮ್ಮ ಪಾಪಯ್ಯ ಟನಲ್ ನೆನಪಾಗಿ ಮನೆಯವಳಿಗೆ ಅದನ್ನೇ ವರ್ಣಿಸುತ್ತಿದ್ದೆ. ಆ ರಾತ್ರಿ ಮಲಗುವಾಗ, ನಿಜ ಹೇಳುತ್ತೇನೆ, ಗಂಗಾವತಿಯ ಮನೆಗೆ ಎಷ್ಟು ಬಂದೀತೆಂದು ಮನಸ್ಸಿನಲ್ಲಿ ಲೆಕ್ಕ ಹಾಕಿದೆ.

ಮರುದಿನ ಟಾರ್ಡೆಬಿಗ್ ಬಂದಿತು. ಎರಡೂಕಾಲು ಮೈಲಿಯೊಳಗೆ ಮೂವತ್ತು ಲಾಕು. ಒಟ್ಟು ಇಳಿತ 220 ಅಡಿ. ಲಾಕೆಂದರೆ ಎರಡೂ ಕಡೆ ಬಾಗಿಲುಳ್ಳ ಕಲ್ಲಿನ ತೊಟ್ಟಿ. ತುಂಬಿದ ತೊಟ್ಟಿಯೊಳಗೆ ದೋಣಿಯನ್ನು ನಿಲ್ಲಿಸಿ, ಹಿಂದಿನ ಬಾಗಿಲು ಮುಚ್ಚಿ, ಕೆಳಗಿನ ತೂಬು ಎತ್ತಿದರೆ ನೀರು ಹೋಗಿ ದೋಣಿ ಬಾವಿಯೊಳಗೆ ಇಳಿದಂತೆ ಇಳಿಯುತ್ತದೆ. ನೀರು ಸಮವಾದ ಮೇಲೆ ಮುಂದಿನ ಬಾಗಿಲು ತೆರೆದು ಹೊರಡುವುದು. ಹಿಂದಿನ ಬಾಗಿಲ ಕೆಳಗೊಂದು ಹೊಸ್ತಿಲಿರುತ್ತದೆ. ಇಳಿಯುವಾಗ ದೋಣಿಯ ಹಿಂಭಾಗ ಅದರ ಮೇಲೆ ಕುಳಿತುಬಿಟ್ಟರೆ ಮುಂಭಾಗ ಮುಳುಗಿಹೋಗುತ್ತದೆ. ಆದುದರಿಂದ ಚುಕ್ಕಾಣಿ ಹಿಡಿದವನು ಕಣ್ಣು ಮಿಟುಕಿಸುವಂತಿಲ್ಲ. ಒಂದು ಸಲಕ್ಕೆ ಲಕ್ಷ ಲೀಟರಿಗೂ ಮಿಕ್ಕಿ ನೀರು ಕೆಳಗೆ ಹೋಗುತ್ತದೆ. ಕೆಳಭಾಗದ ರೈತರ ಬೈಗುಳ ತಿಂದ ನನಗೆ ಅದನ್ನು ನೋಡುವಾಗ ಹೊಟ್ಟೆ ತೊಳಸಿದಂತಾಯಿತು.

ತೂಬು ಎತ್ತುವುದು ವಿಂಡ್‌ಲಾಸ್ ಎಂಬ ಕಬ್ಬಿಣದ ಹಿಡಿಕೆಯಿಂದ. ಇದೆಲ್ಲ ನನಗೆ ಹೊಸತಲ್ಲವೆಂದು ಜಂಬದಿಂದ ಕೈಗೆತ್ತಿಕೊಂಡೆ. ಆಗ ಹೊಳೆಯಿತು: ಮೂವತ್ತು ವರ್ಷ ನಾನು “ತಿರುಗಿಸು” ಎಂದವನು, ತಿರುಗಿಸಿದವನು ಗ್ಯಾಂಗ್‌ಮನ್. ಹನ್ನೊಂದನೆಯ ಲಾಕಿಗೆ ನನ್ನ ಮೊಣಕಾಲು ಸೋತಿತು. ಬಾಗಿಲಿನ ತೊಲೆಗೆ ಬೆನ್ನು ಕೊಟ್ಟು ನೂಕುವಾಗ ಸೊಂಟ ಹಿಡಿಯಿತು. ಉಳಿದದ್ದನ್ನು ಮಗನೂ ಸೊಸೆಯೂ ಮುಗಿಸಿದರು. ಹಿಂದಿರುಗುವಾಗ ಅದೇ ಮೂವತ್ತನ್ನು ಹತ್ತಬೇಕೆಂಬುದು ಇಳಿಯುವ ಉತ್ಸಾಹದಲ್ಲಿ ಯಾರಿಗೂ ನೆನಪಿರಲಿಲ್ಲ.

ದಿನಚರಿಯನ್ನೂ ಕೇಳಿ. ಕುಡಿಯುವ ನೀರನ್ನು ದಂಡೆಯ ನಲ್ಲಿಗಳಿಂದ ದೋಣಿಯ ಟ್ಯಾಂಕಿಗೆ ತುಂಬಿಸಬೇಕು. ಸೌದೆ ಅಥವಾ ಕಲ್ಲಿದ್ದಲನ್ನು ಹೊತ್ತು ತಂದು ಒಲೆ ಆರದಂತೆ ನೋಡಬೇಕು. ಶೌಚದ ಪೆಟ್ಟಿಗೆಯನ್ನು ಕೈಯಲ್ಲಿ ಹೊತ್ತೊಯ್ದು ಗೊತ್ತಾದ ಸ್ಥಳದಲ್ಲಿ ಖಾಲಿ ಮಾಡಬೇಕು. ಇದನ್ನು ಕೇಳಿದ ಕ್ಷಣವೇ ನನ್ನ ಹೆಂಡತಿ ತನ್ನ ಮಟ್ಟಿಗೆ ತೀರ್ಮಾನ ಮಾಡಿಬಿಟ್ಟಳು. ನೆಲದಡಿಯ ಚರಂಡಿಗೆ ಒಗ್ಗಿದವನಿಗೆ ಇದು ಸಣ್ಣ ಮಾತಲ್ಲ.

ಇನ್ನು ಕಾನೂನು. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು ಎರಡು ಸಾವಿರ ಮೈಲಿ ಜಲಮಾರ್ಗಗಳನ್ನು ಒಂದು ಧರ್ಮದತ್ತಿ ಸಂಸ್ಥೆ ನೋಡಿಕೊಳ್ಳುತ್ತಿದೆ. ಪರವಾನಗಿ, ವಿಮೆ, ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತೆಯ ತಪಾಸಣೆ ಬೇಕು. ದೋಣಿ ಕಟ್ಟಲು ಖಾಯಂ ಸ್ಥಳ ಬಾಡಿಗೆಗೆ ದೊರೆಯಬಹುದು. ಆದರೆ ವರ್ಷವಿಡೀ ವಾಸಕ್ಕೆ ಒಪ್ಪಿಗೆಯಿರುವಂಥವು ವಿರಳ. ಸ್ಥಳವಿಲ್ಲದವರು 1995ರ ಕಾಯಿದೆಯಂತೆ ಎಲ್ಲಿಯೂ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲದೆ ಸಂಚರಿಸುತ್ತಲೇ ಇರಬೇಕು. “ಹಂಗಾರ ನಮ್ಮ ಕುಷ್ಟಗಿ ಕುರಿ ಹಟ್ಟಿ ಇದ್ದಂಗಾತು” ಎಂದಳು ನನ್ನ ಹೆಂಡತಿ. ಅವಳ ತವರು ಆ ಕಡೆ. ಕುಷ್ಟಗಿ, ಯಲಬುರ್ಗಾಗಳ ಒಣನೆಲದ ಕುರುಬರು ಭತ್ತ ಕೊಯ್ದ ಮೇಲೆ ಗಂಗಾವತಿಯ ಗದ್ದೆಗಳಿಗೆ ಬಂದು ಕುರಿ ತರುಬುತ್ತಾರೆ. ಕೆಲವು ರಾತ್ರಿ ಒಂದು ಹೊಲ, ಮತ್ತೆ ಇನ್ನೊಂದು. ಹೋಲಿಕೆ ಸರಿಯೇ. ಆದರೆ ಕುರುಬನಿಗೆ ಹೊಲದ ಒಡೆಯನೇ ಕಾಳು ಕೊಟ್ಟು ಕರೆಯುತ್ತಾನೆ, ದೋಣಿಯವನನ್ನು ಕರೆಯುವವರಿಲ್ಲ. ವಿಳಾಸವಿಲ್ಲದವನಿಗೆ ಅಂಚೆ, ಬ್ಯಾಂಕು, ವೈದ್ಯರು ಎಲ್ಲವೂ ತೊಡಕು.

ಇಷ್ಟನ್ನೂ ಸಹಿಸಿಕೊಳ್ಳುತ್ತೇನೆ ಎಂದುಕೊಂಡರೂ ಮುಖ್ಯವಾದ ಬಾಗಿಲು ಬೇರೆಯೇ ಇದೆ. ಸಂದರ್ಶಕರಾಗಿ ಹೋದವರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರ. ಹೋಗಿ ಬಂದು ಮಾಡುತ್ತಾ ಅದನ್ನೇ ವಾಸವಾಗಿಸಿಕೊಳ್ಳುವಂತಿಲ್ಲ. ಸ್ವಂತ ವರಮಾನವುಳ್ಳ ನಿವೃತ್ತರಿಗೆಂದು ಹಿಂದೆ ಒಂದು ದಾರಿಯಿತ್ತು. 2008ರ ನವೆಂಬರಿನಲ್ಲಿ ಅದನ್ನು ಹೊಸಬರಿಗೆ ಮುಚ್ಚಿದರು. ಮಕ್ಕಳ ಆಶ್ರಯದಲ್ಲಿ ನೆಲೆಸಬೇಕೆಂದರೆ 2012ರ ಜುಲೈಯಿಂದ ನಿಯಮ ಬಹು ಕಠಿಣ: ತಂದೆತಾಯಿಗಳಿಗೆ ಮುಪ್ಪಿನಿಂದಲೋ ರೋಗದಿಂದಲೋ ಉಡಲು, ಮೀಯಲು ಕೂಡ ದೀರ್ಘಕಾಲ ಇನ್ನೊಬ್ಬರ ಆರೈಕೆ ಬೇಕಾಗಿರಬೇಕು, ಮಗ ಹಣ ಕಳುಹಿಸಿದರೂ ಅದು ಸ್ವದೇಶದಲ್ಲಿ ದೊರೆಯದಂತಿರಬೇಕು. ಎಂದರೆ, ಲಾಕು ತಿರುಗಿಸುವಷ್ಟು ಕಸುವುಳ್ಳ ಮುದುಕನಿಗೆ ಅಲ್ಲಿ ನೆಲೆಯಿಲ್ಲ; ನೆಲೆ ದೊರೆಯಬಹುದಾದವನಿಗೆ ಲಾಕು ತಿರುಗಿಸುವ ಕಸುವಿರುವುದಿಲ್ಲ. ಮೊದಲೇ ಅಲ್ಲಿ ಪೌರತ್ವ ಪಡೆದ ನಮ್ಮವರು ನಿವೃತ್ತರಾದ ಮೇಲೆ ದೋಣಿ ಕೊಳ್ಳಬಹುದು, ಅವರಿಗೆ ಅಡ್ಡಿಯಿಲ್ಲ. ಗಂಗಾವತಿಯಿಂದ ಮನೆ ಮಾರಿ ಹೊರಡುವವನ ಮಾತು ಬೇರೆ: ಆರು ತಿಂಗಳಿಗೆ ಅಲ್ಲಿಂದ ಏಳಬೇಕು, ಇಲ್ಲಿ ಬಂದರೆ ಮನೆಯಿಲ್ಲ.

ಮಗನಿಗೆ ಇದೆಲ್ಲ ಮೊದಲೇ ತಿಳಿದಿರಲಿಲ್ಲ. ತಿಳಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದ. ಅವನ ಮಾತು ದೋಣಿಯ ವಿಷಯವಾಗಿರಲಿಲ್ಲ, ನಾವು ಹತ್ತಿರವಿರಲೆಂಬುದಾಗಿತ್ತು ಎಂದು ನನಗೆ ಅಂದು ಅರ್ಥವಾಯಿತು. ಊರಿಗೆ ಹಿಂದಿರುಗಿದ ಮೇಲೆ ಅವನಿಗೆ ಬರೆದೆ: ಮನೆ ಮಾರುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಕಾಲುವೆ ಬಂದಾದಾಗ ಒಂದು ತಿಂಗಳ ಮಟ್ಟಿಗೆ ಬರುತ್ತೇವೆ. ದೋಣಿಯನ್ನು ಬೇಕಾದರೆ ಮತ್ತೆ ಬಾಡಿಗೆಗೆ ಹಿಡಿ. ಆದರೆ ಆ ಹದಿನಾಲ್ಕು ಮೈಲಿಯೊಳಗೇ ಇರಲಿ, ಟಾರ್ಡೆಬಿಗ್ ಬಂದೊಡನೆ ತಿರುಗಿಸಿಬಿಡು. ಪತ್ರದ ಕೆಳಗೆ ನನ್ನ ಹೆಂಡತಿ ತನ್ನ ಕೈಯಿಂದ ಒಂದು ಸಾಲು ಸೇರಿಸಿದಳು: ಪೆಟ್ಟಿಗೆ ಹೊರುವವನು ನೀನೇ.