ಬಿಲ್ಲೆಯೂ ಗುಂಡಗೆ, ಉಂಡೆಯೂ ಗುಂಡಗೆ

ಗವಿಪುರದ ಗಂಗಾಧರೇಶ್ವರನ ಅಂಗಳದಲ್ಲಿ, ಕಂಬದ ಮೇಲಿನ ಸೂರ್ಯಪಾನವನ್ನು, ಅಂದರೆ ಕಲ್ಲಿನ ಸೂರ್ಯನನ್ನು, ಕತ್ತೆತ್ತಿ ನೋಡುತ್ತಿದ್ದ ಅಣ್ಣನ ಮಗಳು ಕೇಳಿದಳು: ‘ಚಿಕ್ಕಪ್ಪ, ಇಂಗ್ಲಿಷ್ ಪದ್ಯದಲ್ಲಿ ಸೂರ್ಯನಿಗೆ ಆರ್ಬ್ ಅಂತಿದೆ. ಆರ್ಬ್ ಅಂದ್ರೆ ಗೋಳ ಅಂತ ಮಿಸ್ ಹೇಳಿದ್ರು. ಇಲ್ಲಿ ನೋಡಿದ್ರೆ ಚಪ್ಪಟೆ ಬಿಲ್ಲೆ ಇದೆಯಲ್ಲ!’

ಮಿಸ್ ಹೇಳಿದ್ದು ಸರಿ, ಶಿಲ್ಪಿ ಕಡೆದದ್ದೂ ಸರಿ. ಆರ್ಬ್ ಬಂದದ್ದು ಲ್ಯಾಟಿನ್ನಿನ ಆರ್ಬಿಸ್‌ನಿಂದ. ಅದಕ್ಕೆ ಮೊದಲಿದ್ದ ಅರ್ಥ ವೃತ್ತ, ಬಿಲ್ಲೆ, ಬಳೆ. ಗಾಡಿಯ ಗಾಲಿ ನೆಲದಲ್ಲಿ ಕೊರೆದ ಜಾಡು ಆರ್ಬಿಟಾ. ಇಂದು ಉಪಗ್ರಹ ಸುತ್ತುವ ಆರ್ಬಿಟ್ ಅಲ್ಲಿಂದಲೇ ಹುಟ್ಟಿತು. ರೋಮನ್ನರು ಜಗತ್ತನ್ನು ಆರ್ಬಿಸ್ ಟೆರಾರಮ್ ಎಂದರು. ನೆಲಗಳ ವೃತ್ತ, ನಮ್ಮ ಭೂಮಂಡಲದ ಹಾಗೆಯೇ. ನಮ್ಮಲ್ಲಿ ಮಂಡಲದ ಮಗ್ಗುಲಲ್ಲೇ ಗೋಳವೂ ಇತ್ತೆನ್ನಿ. 499ರ ಆರ್ಯಭಟೀಯದ ಕೊನೆಯ ಭಾಗದ ಹೆಸರೇ ಗೋಲಪಾದ. ಕದಂಬದ ಹೂವಿನ ದುಂಡಿನ ಸುತ್ತ ಎಸಳು ಕೂತಂತೆ ಭೂಮಿಯ ಸುತ್ತ ಜೀವಿಗಳಿವೆ ಎಂಬ ಹೋಲಿಕೆ ಅಲ್ಲಿದೆ.

ಯುರೋಪಿನ ಮಧ್ಯಯುಗದ ಖಗೋಳಜ್ಞರು ಗ್ರಹಗಳನ್ನು ಹೊತ್ತು ತಿರುಗುವ ಪೊಳ್ಳು ಗೋಳಗಳನ್ನು ಒಂದರೊಳಗೊಂದು ಕಲ್ಪಿಸಿಕೊಂಡು ಅವನ್ನು ಆರ್ಬ್ ಎಂದು ಕರೆದರು. ಆಮೇಲೆ ಆ ಹೆಸರು ಸೂರ್ಯಚಂದ್ರರಿಗೇ ಅಂಟಿತು. ಕವಿಗಳು ಕಣ್ಣಗುಡ್ಡೆಗೂ ಅದನ್ನೇ ಕೊಟ್ಟರು.

ಬಿಲ್ಲೆಯ ಹೆಸರು ಉಂಡೆಗೆ ಹೋದದ್ದು ಕನ್ನಡದವರಿಗೆ ಹೊಸದೇನಲ್ಲ. ನಮ್ಮ ‘ಗುಂಡಗೆ’ ಎರಡಕ್ಕೂ ಒದಗುತ್ತದೆ. ಬಸವನಗುಡಿಯ ಯಾವುದಾದರೂ ಹೋಳಿಗೆ ಅಂಗಡಿಯ ಮುಂದೆ ಐದು ನಿಮಿಷ ನಿಲ್ಲಿ. ಅಂಗೈಯಲ್ಲಿ ಉರುಳುವ ಹೂರಣದ ಉಂಡೆ ಗುಂಡಗಿರುತ್ತದೆ. ಅದನ್ನು ಕಣಕದೊಳಗೆ ಮುಚ್ಚಿ, ಎಣ್ಣೆ ಸವರಿದ ಹಾಳೆಯ ಮೇಲಿಟ್ಟು, ಬೆರಳ ತುದಿಯಿಂದ ಸುತ್ತ ತಟ್ಟುತ್ತಾ ಹೋಗುತ್ತಾರೆ. ಹರಡಿ ತೆಳ್ಳಗಾಗಿ ಕಾವಲಿಗೆ ಬಿದ್ದ ಹೋಳಿಗೆಯೂ ಗುಂಡಗೇ. ಆಕಾರ ಬದಲಾಯಿತು, ಮಾತು ಬದಲಾಗಲಿಲ್ಲ. ಆರ್ಬಿಸ್ ಇದೇ ದಾರಿಯನ್ನು ಹಿಂದುಮುಂದಾಗಿ ನಡೆಯಿತು, ಹೋಳಿಗೆಯಿಂದ ಉಂಡೆಗೆ.

‘ಆರ್ಬ್ ಎಂದರೆ ಗೋಳ’ ಎಂದು ಒಂದು ಗೆರೆ ಬರೆಸಿ ಮಕ್ಕಳನ್ನು ಮುಂದಿನ ಪದಕ್ಕೆ ಓಡಿಸುವುದು ನನಗೆ ಸಂಕಟದ ಸಂಗತಿ. ಗಾಲಿ, ಬಳೆ, ಗ್ರಹ, ಕಣ್ಣು ಎಲ್ಲವನ್ನೂ ಹಾದು ಬಂದ ಪದ ಅದು. ಮುಳುಗುವ ಸೂರ್ಯ ನಮ್ಮ ಕಣ್ಣಿಗೆ ಇವತ್ತಿಗೂ ಬಿಲ್ಲೆಯೇ. ಗವಿಪುರದ ಶಿಲ್ಪಿ ಕಂಡದ್ದನ್ನೇ ಕಡೆದ.

ಇಷ್ಟೆಲ್ಲ ಹೇಳುವಷ್ಟರಲ್ಲಿ ಹುಡುಗಿ ಕಂಬದ ಪಕ್ಕಕ್ಕೆ ಸರಿದಿದ್ದಳು. ‘ಚಿಕ್ಕಪ್ಪ, ಇಲ್ಲಿ ಬನ್ನಿ’ ಎಂದಳು. ಹೋಗಿ ನಿಂತೆ. ಅಲ್ಲಿಂದ ಸೂರ್ಯ ಇರಲಿಲ್ಲ, ಕಲ್ಲಿನ ಅಂಚಷ್ಟೇ ಕಾಣುತ್ತಿತ್ತು.